ರದ್ದಿಯಲ್ಲೂ ರಾಶಿ, ಬೆಟ್ಟೆ

ನನ್ನ ಕೈಯಲ್ಲಿರುವ ಈ ಎರಡು ಹಾಳೆಗಳನ್ನು ನೋಡಿ. ಒಂದು ಹಳೆಯ ದಿನಪತ್ರಿಕೆಯದು, ಇನ್ನೊಂದು ಮಕ್ಕಳ ನೋಟ್‌ಬುಕ್ಕಿನದು. ಎರಡೂ ನಮ್ಮ ಅಟ್ಟದ ಮೇಲೆ ಒಂದೇ ಗಂಟಿನಲ್ಲಿದ್ದವು. ಪತ್ರಿಕೆ ಒಣಗಿದ ಬಾಳೆ ಎಲೆಯ ಬಣ್ಣಕ್ಕೆ ತಿರುಗಿದೆ, ಮಡಿಸಿದ ಕಡೆ ಪುಡಿಯಾಗಿ ಉದುರುತ್ತಿದೆ. ನೋಟ್‌ಬುಕ್ಕಿನ ಹಾಳೆ ಇನ್ನೂ ಬೆಳ್ಳಗಿದೆ. ಮರವನ್ನು ಯಂತ್ರದಲ್ಲಿ ಅರೆದು ತೆಗೆದ ತಿರುಳಿನಲ್ಲಿ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಹಿಡಿದಿಡುವ ಅಂಟು, ಉಳಿದುಬಿಡುತ್ತದೆ. ಗಾಳಿ ಬೆಳಕು ತಗುಲಿದಂತೆ ಅದು ಕಾಗದವನ್ನು ಹಳದಿ ಮಾಡುತ್ತದೆ. ರಾಸಾಯನಿಕದಲ್ಲಿ ಬೇಯಿಸಿ ಬಿಳುಪು ಮಾಡಿದ ತಿರುಳಿನಲ್ಲಿ ಅದು ಇರುವುದೇ ಅಪರೂಪ.

ಆಮದು ರಫ್ತಿನ ಪ್ರತಿ ಸರಕಿಗೂ ಒಂದು ಸಂಖ್ಯೆ ಕೊಡುವ ಕಸ್ಟಮ್ಸ್ ಸುಂಕದ ಪಟ್ಟಿಗೆ ಈ ವ್ಯತ್ಯಾಸ ಗೊತ್ತು. ಗಂಟು ಕಟ್ಟುವ ನಮಗೆ ಗೊತ್ತಿಲ್ಲ. ನನ್ನ ತಕರಾರು ಇದೇ.

ಪಟ್ಟಿಯ 47ನೇ ಅಧ್ಯಾಯ ಪೂರ್ತಿ ತಿರುಳು ಮತ್ತು ರದ್ದಿಯದು. ಒಂದೇ ಅಕೇಶಿಯಾ ಮರವನ್ನು ಅರೆದರೆ ತಿರುಳಿನ ಸಂಖ್ಯೆ 4701, ಸಲ್ಫೇಟ್ ಎಂಬ ರಾಸಾಯನಿಕ ವಿಧಾನದಲ್ಲಿ ಬೇಯಿಸಿದರೆ ಸಾಮಾನ್ಯವಾಗಿ 4703. ಬಿದಿರಿನ ತಿರುಳು ಮಾತ್ರ 4706ಕ್ಕೆ ಹೋಗುತ್ತದೆ, ಏಕೆಂದರೆ ಬಿದಿರು ಮರವಲ್ಲ, ಹುಲ್ಲಿನ ಜಾತಿ. 1936ರಲ್ಲಿ ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ಹುಟ್ಟಿದ ಜಿಲ್ಲೆ ನಮ್ಮದು. ನಮ್ಮ ಕಾಡಿನ ಬಿದಿರು ಕಾಗದವಾಗಿದ್ದನ್ನು ಕಂಡ ಹಿರಿಯರು ಇಲ್ಲಿದ್ದಾರೆ. ಇಂಥ ಊರಿಗೆ ಈ ಲೆಕ್ಕ ಪರಕೀಯವಾಗಬಾರದು.

ರದ್ದಿಗೆ ಇರುವ ಸಂಖ್ಯೆ 4707. ಅದರೊಳಗೆ ನಾಲ್ಕು ಮನೆಗಳಿವೆ, ಅಂದರೆ ಉಪವಿಭಾಗಗಳು. ಬಿಳುಪು ಮಾಡದ ಕ್ರಾಫ್ಟ್ ಎಂಬ ಕಂದು ಕಾಗದ, ಸುಕ್ಕು ರಟ್ಟಿನ ಪೆಟ್ಟಿಗೆ ಒಂದರಲ್ಲಿ. ಮುಖ್ಯವಾಗಿ ಬಿಳುಪು ಮಾಡಿದ ರಾಸಾಯನಿಕ ತಿರುಳಿನದು, ಒಡಲಿಗೆ ಬಣ್ಣ ಬೆರೆಸದ್ದು ಎರಡನೆಯದರಲ್ಲಿ. ಪತ್ರಿಕೆಯಂಥ ಅರೆದ ತಿರುಳಿನ ಕಾಗದ ಮೂರನೆಯದರಲ್ಲಿ. ಉಳಿದದ್ದೆಲ್ಲ, ಬೇರ್ಪಡಿಸದ ರಾಶಿಯೂ ಸೇರಿ, ಕೊನೆಯದರಲ್ಲಿ. ಬೆಳಗ್ಗೆ ಮನೆಗೆ ಬರುವ ಪತ್ರಿಕೆ 4902ರ ಮುದ್ರಿತ ಸರಕು. ಓದಿ ರದ್ದಿಗೆ ಹಾಕಿದರೆ 4707. ದಿನಸಿ ಕಟ್ಟಲು ಬಳಸುವಂತಿದ್ದರೂ ಅದು ರದ್ದಿಯೇ.

ಶಿವಮೊಗ್ಗದ ಗುಜರಿ ಅಂಗಡಿಯೊಂದರಲ್ಲಿ ಒಬ್ಬ ತಾಯಿ ಕೆಲಸ ಮಾಡುವುದನ್ನು ನಿಂತು ನೋಡಿದ್ದೇನೆ. ಗುಲಾಬಿ ಬಣ್ಣದ ಹಾಳೆಯೊಂದನ್ನು ಎತ್ತಿ ಅಂಚನ್ನು ಹರಿದು ನೋಡಿದರು. ಹರಿದ ಜಾಗದಲ್ಲೂ ಗುಲಾಬಿ ಇದ್ದರೆ ಬಣ್ಣ ತಿರುಳಿನಲ್ಲೇ ಬೆರೆತಿದೆ. ಬಿಳಿ ನಾರು ಕಂಡರೆ ಬಣ್ಣ ಮೇಲೆ ಬಳಿದದ್ದು. ಒಂದು ಕ್ಷಣ ನೋಡಿ ಹಾಳೆಯನ್ನು ಬೇರೆ ಚೀಲಕ್ಕೆ ಎಸೆದರು. ಎರಡನೆಯ ಮನೆಯ ನಿಯಮವನ್ನು ಅವರ ಬೆರಳು ಓದಿತ್ತು. ಆ ಬೆರಳಿಗೆ ಸಿಗುವ ಕೂಲಿ ಸಾಲದು, ಖಂಡಿತ ಸಾಲದು.

ಅಡಿಕೆ ಬೆಳೆಯುವ ನಾವು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆವಾರು ಬೇರ್ಪಡಿಸದೆ ಮಂಡಿಗೆ ಹೋಗುತ್ತೇವೆಯೇ? ಬೆರಕೆ ಮಾಡಿದರೆ ದರ ಬೀಳುತ್ತದೆ ಎಂದು ಮಕ್ಕಳಿಗೂ ಗೊತ್ತು. ಕಾಗದದ ವಿಷಯಕ್ಕೆ ಬಂದರೆ ರಟ್ಟು, ಪತ್ರಿಕೆ, ಪುಸ್ತಕ ಎಲ್ಲವನ್ನೂ ಒಂದೇ ಹಗ್ಗದಲ್ಲಿ ಬಿಗಿಯುತ್ತೇವೆ. ಮಳೆಗಾಲದಲ್ಲಿ ಅಟ್ಟದ ಕೆಳಗಿಟ್ಟು ಬೂಸ್ಟು ಹಿಡಿಸುತ್ತೇವೆ. ಒಳ್ಳೆಯ ನಾರು ಹಾಳಾದ ನಾರಿನ ಜೊತೆ ಸೇರಿ ಕೊನೆಯ ಮನೆಗೆ ಬೀಳುತ್ತದೆ.

ನಮ್ಮ ಮನೆಯಲ್ಲಿ ಈಗ ಮೂರು ಗಂಟು ಕಟ್ಟುತ್ತಿದ್ದೇವೆ: ರಟ್ಟು, ಪತ್ರಿಕೆ, ಬಿಳಿ ಹಾಳೆ. ಗುಲಾಬಿ ಹಾಳೆ ಸಿಕ್ಕರೆ ನಾನೂ ಅಂಚು ಹರಿದು ನೋಡುತ್ತೇನೆ.