ನಿಲ್ಲದ ಫ್ಲಶ್ ಟ್ಯಾಂಕು ಮತ್ತು ಒಂದು ಪೆನ್ಸಿಲ್ ಗೆರೆ

ಕೇಳಿಸುತ್ತಿದೆಯೇ? ಮೈಕನ್ನು ಇನ್ನಷ್ಟು ಹತ್ತಿರ ಹಿಡಿಯುತ್ತೇನೆ. ಸುಯ್ ಎನ್ನುತ್ತಿರುವುದು ನಮ್ಮ ಮನೆಯ ಫ್ಲಶ್ ಟ್ಯಾಂಕು. ಗುಂಡಿಯನ್ನು ಯಾರೂ ಒತ್ತಿಲ್ಲ, ನೀರು ಮಾತ್ರ ಹೋಗುತ್ತಲೇ ಇದೆ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಅದೂ ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಪಂಪ್ ಆಗಿ. ಅಷ್ಟು ಪಾಡುಪಟ್ಟು ಬಂದ ನೀರು ಸದ್ದಿಲ್ಲದೆ ಕಮೋಡಿಗೆ ಇಳಿದರೂ ಹೊಟ್ಟೆ ಉರಿಯುತ್ತದೆ, ಇದು ಹಾಡುತ್ತಾ ಬೇರೆ ಇಳಿಯುತ್ತಿದೆ.

ಪ್ಲಂಬರನ್ನು ಕರೆದರೆ "ಒಳಗಿನ ಸೆಟ್ ಪೂರ್ತಿ ಬದಲಾಯಿಸಿಬಿಡಿ ಸಾರ್" ಎನ್ನುತ್ತಾರೆ. ಬದಲಾಯಿಸೋಣ, ಆದರೆ ಯಾವುದು ಕೆಟ್ಟಿದೆ ಎಂದು ತಿಳಿದ ಮೇಲೆ.

ಮುಚ್ಚಳ ತೆಗೆದಿದ್ದೇನೆ, ನೋಡಿ. ನಡುವೆ ನಿಂತಿರುವ ಕೊಳವೆಯ ತುದಿಯಿಂದ ನೀರು ಒಳಕ್ಕೆ ಬೀಳುತ್ತಿದ್ದರೆ ತಪ್ಪು ಫ್ಲೋಟಿನದು, ಅಂದರೆ ನೀರಿನ ಜೊತೆ ಮೇಲೇರುವ ತೇಲುಬುರುಡೆಯದು. ಟ್ಯಾಂಕು ತುಂಬಿದರೂ ಅದು ನೀರನ್ನು ನಿಲ್ಲಿಸುತ್ತಿಲ್ಲ. ಫ್ಲೋಟಿನ ಸ್ಕ್ರೂ ತಿರುಗಿಸಿ, ನೀರು ಆ ತುದಿಗಿಂತ ಒಂದು ಅಂಗುಲ ಕೆಳಗೇ ನಿಲ್ಲುವಂತೆ ಮಾಡಿದರೆ ಸಾಕು.

ನಮ್ಮಲ್ಲಿ ಅಲ್ಲಿಂದ ಬೀಳುತ್ತಿಲ್ಲ. ಹಾಗಾಗಿ ಟ್ಯಾಂಕಿಗೆ ನೀರು ಬಿಡುವ ಗೋಡೆಯ ನಲ್ಲಿ, ಅಂದರೆ ಆಂಗಲ್ ಕಾಕ್ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದೆ. ಬೆಳಗಿನ ಕಾಫಿಯಲ್ಲಿ ಉಳಿದಿದ್ದ ಡಿಕಾಕ್ಷನ್ನನ್ನೂ ಟ್ಯಾಂಕಿಗೆ ಸುರಿದೆ. (ಅಮ್ಮನಿಗೆ ಇದನ್ನು ಹೇಳಿಲ್ಲ.) ಅರ್ಧ ಗಂಟೆಯ ನಂತರದ ದೃಶ್ಯ ಇದು: ನೀರು ಗೆರೆಯಿಂದ ಕೆಳಗಿಳಿದಿದೆ, ಕಮೋಡಿನಲ್ಲಿ ಕಂದು ಬಣ್ಣ. ಅಂದರೆ ಸೋರುತ್ತಿರುವುದು ತಳದ ವಾಷರಿನಲ್ಲಿ.

ಇನ್ನು ಕೆಲಸ ಸುಲಭ. ಟ್ಯಾಂಕು ಖಾಲಿ ಮಾಡಿ, ನಡುವಿನ ವಾಲ್ವನ್ನು ಎಡಕ್ಕೆ ತುಸು ತಿರುಗಿಸಿ ಎತ್ತಿದರೆ ಈಚೆ ಬರುತ್ತದೆ. ಇದರ ಬುಡದ ಬಳೆಯಂಥ ವಾಷರ್ ನೋಡಿ, ಬಿಳಿ ಸುಣ್ಣ ಕಟ್ಟಿಕೊಂಡಿದೆ. ನಮ್ಮ ನೀರಿನ ಸಂಪ್‌ಗೆ ಬೋರ್‌ವೆಲ್ಲಿನ ಗಡಸು ನೀರೂ ಸೇರುತ್ತದಲ್ಲ, ಅದರ ಪ್ರಸಾದ. ವಾಷರ್ ಕೂರುವ ಜಾಗದಲ್ಲೂ ಅದೇ ಸುಣ್ಣ, ಬೆರಳಾಡಿಸಿದರೆ ತರಿತರಿ. ಹೊಸ ವಾಷರ್ ಹಾಕಿ ಈ ಜಾಗವನ್ನು ಹಾಗೆಯೇ ಬಿಟ್ಟರೆ ಸೋರಿಕೆ ನಿಲ್ಲುವುದಿಲ್ಲ. ವಿನೆಗರ್ ಅದ್ದಿದ ಬಟ್ಟೆಯನ್ನು ಅಲ್ಲಿ ಸ್ವಲ್ಪ ಹೊತ್ತು ಇಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ಬಾತ್‌ರೂಮ್ ತೊಳೆಯುವ ಆಸಿಡ್ಡನ್ನು ಮಾತ್ರ ಟ್ಯಾಂಕಿನೊಳಗೆ ಸುರಿಯಬೇಡಿ. ಟ್ಯಾಂಕಿನಲ್ಲಿ ಹಾಕುವ ಕ್ಲೋರಿನ್ ಬಿಲ್ಲೆಗಳೂ ಬೇಡ, ರಬ್ಬರನ್ನು ಹಾಳುಮಾಡುತ್ತವೆ.

ಅಂಗಡಿಗೆ ಹಳೆಯ ವಾಷರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಫೋಟೊ ತೋರಿಸಿದರೆ ಅಳತೆ ತಪ್ಪುತ್ತದೆ. ಹೊಸದನ್ನು ಕೂರಿಸಿ, ಕಾಕ್ ತೆರೆದು, ಈಗ ಮತ್ತೊಂದು ಗೆರೆ ಎಳೆದಿದ್ದೇನೆ. ರಾತ್ರಿ ಮಲಗುವಾಗ ಕಾಕ್ ಮುಚ್ಚುತ್ತೇನೆ. ಬೆಳಿಗ್ಗೆ ನೀರು ಎಲ್ಲಿದೆ ಎಂಬುದನ್ನು ಮೊದಲ ಕಮೆಂಟಿನಲ್ಲಿ ಬರೆಯುತ್ತೇನೆ.