ಗ್ಯಾಸ್ಟ್ರಿಕ್ ಅಂತ ನೀವ್ ಹೇಳ್ಬೇಡಿ, ಇಸಿಜಿ ಹೇಳ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಊಟ ಮುಗ್ಸಿ ಪಾತ್ರೆ ತೊಳೀತಾ ರೇಡಿಯೋ ಹಾಕ್ಕೊಂಡಿರೋ ಅಮ್ಮಂದಿರು, ತೋಟದಲ್ಲಿ ಮೊಬೈಲ್ನಲ್ಲಿ ಕೇಳ್ತಿರೋ ಅಣ್ಣಂದಿರು, ಅಂಗಡೀಲಿ ಗಿರಾಕಿ ಇಲ್ದೆ ಕೂತಿರೋರು, ನಿಮ್ಮನ್ನೆಲ್ಲಾ ಕಣ್ಮುಂದೆ ಇಟ್ಕೊಂಡೇ ಮಾತಾಡ್ತೀನಿ. ನಂಗೆ ಕೊಟ್ಟಿರೋ ವಿಷಯ ಸಾಮಾನ್ಯ ಕಾಯಿಲೆಗಳ ಮುನ್ಸೂಚನೆ ಗುರ್ತಿಸೋದು ಹೇಗೆ, ಆಸ್ಪತ್ರೆಗೆ ಯಾವಾಗ ಹೋಗ್ಬೇಕು ಅಂತ. ಜ್ವರ, ಶುಗರ್, ಲಕ್ವ ಎಲ್ಲಾ ಹೇಳ್ಬೇಕು ಅಂತ ಚೀಟೀಲಿ ಬರ್ಕೊಂಡ್ ಬಂದಿದೀನಿ, ಎಷ್ಟಾಗುತ್ತೋ ನೋಡೋಣ. ಅದಕ್ಕೂ ಮೊದ್ಲು ಒಂದೇ ಒಂದು ಪದದ ಬಗ್ಗೆ ಮಾತಾಡ್ಬೇಕು. ಆ ಪದ ಗ್ಯಾಸ್ಟ್ರಿಕ್.

ನಮ್ ಕಡೆ ಹೊಟ್ಟೆ ಉಬ್ಬಿದ್ರೂ ಗ್ಯಾಸ್ಟ್ರಿಕ್, ಎದೆ ಉರಿದ್ರೂ ಗ್ಯಾಸ್ಟ್ರಿಕ್, ಬೆನ್ನು ಹಿಡ್ಕೊಂಡ್ರೂ ಗ್ಯಾಸ್ಟ್ರಿಕ್, ತಲೆ ಸುತ್ತಿದ್ರೂ ಗ್ಯಾಸ್ಟ್ರಿಕ್. ಯಾರಾದ್ರೂ ಎದೆ ಮೇಲೆ ಕೈ ಇಟ್ರೆ ಸಾಕು, ಮನೇಲಿರೋ ನಾಲ್ಕು ಜನ ಒಟ್ಟಿಗೆ ಹೇಳ್ತಾರೆ, "ಏನಿಲ್ಲ, ಗ್ಯಾಸ್ಟ್ರಿಕ್ಕು, ಸ್ವಲ್ಪ ಸೋಡಾ ಕುಡೀರಿ, ಸರಿ ಹೋಗುತ್ತೆ." ನಾನು ಇಪ್ಪತ್ತೆಂಟು ವರ್ಷದಿಂದ ತಾಲ್ಲೂಕ್ ಆಸ್ಪತ್ರೆಗಳಲ್ಲೇ ಫಿಸಿಶಿಯನ್ ಆಗಿ ಕೆಲ್ಸ ಮಾಡ್ತಿರೋಳು. ಹಾರ್ಟ್ ಅಟ್ಯಾಕ್ ಆಗಿ ತುಂಬಾ ತಡವಾಗಿ ಬಂದೋರ ಮನೆಯವ್ರನ್ನ "ಯಾಕಮ್ಮ ಇಷ್ಟು ಹೊತ್ತು ಮಾಡಿದ್ರಿ" ಅಂತ ಕೇಳಿದಾಗ ನಂಗೆ ಸಿಕ್ಕಿರೋ ಉತ್ತರ ಹೆಚ್ಚೂಕಮ್ಮಿ ಒಂದೇ, "ಗ್ಯಾಸ್ಟ್ರಿಕ್ ಅನ್ಕೊಂಡ್ವಿ ಮೇಡಂ."

ಅದಕ್ಕೇ ಇವತ್ತು ನನ್ ಮಾತು ಇಷ್ಟೇ. ಗ್ಯಾಸ್ಟ್ರಿಕ್ ಅಂತ ನೀವ್ ಹೇಳ್ಬೇಡಿ, ಇಸಿಜಿ ಹೇಳ್ಲಿ. ಎದೆಗೆ, ಕೈಕಾಲಿಗೆ ವೈರ್ ಅಂಟಿಸಿ ಹೃದಯದ ಬಡಿತ ಪೇಪರ್ ಮೇಲೆ ಬರ್ಸೋ ಪರೀಕ್ಷೆ ಅದು, ಐದು ನಿಮಿಷದ ಕೆಲ್ಸ, ಸೂಜಿ ಇಲ್ಲ, ನೋವಿಲ್ಲ.

ಒಂದು ಮನೆ ಕಥೆ ಹೇಳ್ತೀನಿ. ಆ ಮನೆ ಯಜಮಾನ್ರೇ "ಹೇಳಿ ಮೇಡಂ, ನನ್ ಹೆಸ್ರು ಬೇಡ, ವಿಷಯ ಹೇಳಿ" ಅಂದಿದಾರೆ. ಅರಸೀಕೆರೆ ತಿಪಟೂರು ಕಡೆ ತೆಂಗಿನ ತೋಟದೋರು. ಆಗ ಅವ್ರಿಗೆ ಐವತ್ತೆರಡು ವರ್ಷ, ಗಟ್ಟಿ ಆಳು, ದಿನಕ್ಕೆ ನಾಲ್ಕೈದು ಬೀಡಿ ಬಿಟ್ರೆ ಬೇರೇನೂ ಅಭ್ಯಾಸ ಇಲ್ಲ. ಅಣ್ಣನ ಮಗನ ಮದ್ವೆ ಆಗಿ ಬೀಗರ ಊಟ. ಶಾಮಿಯಾನ, ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ನಿಮಗೆ ಗೊತ್ತೇ ಇದೆ. ಎರಡೂವರೆಗೆ ಊಟಕ್ಕೆ ಕೂತಿದಾರೆ, ಮೂರು ಗಂಟೆಗೆ ಎಲೆ ಅಡಿಕೆ ಹಾಕ್ಕೊಳೋ ಹೊತ್ಗೆ ಎದೆ ಮಧ್ಯ ಏನೋ ಒತ್ತಿದಂಗೆ ಆಗಿದೆ. ಅವ್ರು ನಂಗೆ ಆಮೇಲೆ ಹೇಳಿದ ಮಾತು ಹಂಗೇ ಹೇಳ್ತೀನಿ, "ನೋವಲ್ಲ ಮೇಡಂ, ಬೀಸೋ ಕಲ್ಲು ತಂದು ಎದೆ ಮೇಲೆ ಇಟ್ಟಂಗಾಯ್ತು." ಪಕ್ಕದಲ್ಲಿದ್ದೋರೆಲ್ಲಾ ಅಂದ್ರು, ಊಟ ಹೆವಿ ಆಯ್ತು, ಗ್ಯಾಸು. ಲಿಂಬೆ ಸೋಡಾ ತರ್ಸಿದ್ರು. ಕುಡಿದ್ರು, ದೊಡ್ಡದಾಗಿ ತೇಗು ಬಂತು, ಒಂಚೂರು ಹಗುರ ಆದಂಗಾಯ್ತು. ಈ ತೇಗು ಇದೆಯಲ್ಲ, ಇದರಷ್ಟು ಮೋಸ ಇನ್ನೊಂದಿಲ್ಲ. ಸೋಡಾ ಕುಡಿದ್ರೆ ಯಾರಿಗಾದ್ರೂ ತೇಗು ಬರುತ್ತೆ, ಹಾರ್ಟ್ ಅಟ್ಯಾಕ್ ಆಗ್ತಿರೋರಿಗೂ ಬರುತ್ತೆ. ತೇಗು ಬಂತು ಅಂದ್ರೆ ಗ್ಯಾಸೇ ಅಂತ ಎಲ್ಲರೂ ಒಪ್ಪಿಬಿಟ್ರು.

ನಾಲ್ಕೂವರೆಗೆ ಅವ್ರ ಹೆಂಡ್ತಿ ನೋಡಿದಾರೆ, ಗಂಡ ಮರದ ಕೆಳಗೆ ಚೇರಲ್ಲಿ ಕೂತಿದಾರೆ, ಬನಿಯನ್ನು ಹಿಂಡಿದ್ರೆ ನೀರು ಬರೋ ಹಂಗೆ ಬೆವೆತಿದೆ. ಬಿಸಿಲಿಲ್ಲ, ಕೆಲ್ಸ ಮಾಡಿಲ್ಲ. "ರೀ, ಯಾಕೋ ನಿಮ್ ಮುಖ ಸರಿ ಇಲ್ಲ, ಆಸ್ಪತ್ರೆಗೆ ಹೋಗೋಣ ನಡೀರಿ" ಅಂದ್ರಂತೆ. ಆ ತಾಯಿ ಒಬ್ರೇ ಸರಿಯಾಗಿ ಹೇಳಿದ್ದು. ಹೆಂಗಸ್ರು ಸುಮ್ನೆ ಗಾಬರಿ ಬೀಳ್ತಾರೆ ಅಂತ ಅವ್ರ ಬಾಯಿ ಮುಚ್ಚಿಸಿದ್ರು. ಇದನ್ನ ನೆನೆಸ್ಕೊಂಡ್ರೆ ಇವತ್ತಿಗೂ ನಂಗೆ ಬೇಜಾರಾಗುತ್ತೆ. ಆರು ಗಂಟೆಗೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಬೈಕಲ್ಲಿ ಮಧ್ಯ ಕೂರಿಸ್ಕೊಂಡು ಕರ್ಕೊಂಡೋದ್ರು, ಅಲ್ಲಿ ಇಸಿಜಿ ಮೆಷಿನ್ ಇಲ್ಲ, ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳ್ಸಿದ್ರು. ರಾತ್ರಿ ಒಂಬತ್ತಕ್ಕೆ ವಾಂತಿ. ವಾಂತಿ ಆಯ್ತಲ್ಲ, ಇನ್ನು ಪಿತ್ತ ಎಲ್ಲಾ ಹೋಯ್ತು ಅಂತ ಜೀರಿಗೆ ಕಷಾಯ ಕೊಟ್ಟು ಮಲಗ್ಸಿದ್ರು. ಬೆಳಗಿನ ಜಾವ ಮಲಗಕ್ಕೇ ಆಗ್ತಿಲ್ಲ, ಉಸಿರು ಎಳೀತಿದಾರೆ, ಆಗ ವ್ಯಾನ್ ಮಾಡ್ಕೊಂಡು ನಮ್ಮತ್ರ ಬಂದ್ರು. ಗಡಿಯಾರ ನೋಡಿದೆ, ಐದು ಗಂಟೆ. ಮೂರಕ್ಕೆ ಶುರುವಾಗಿದ್ದು ಐದಕ್ಕೆ ಬಂತು, ಹದಿನಾಲ್ಕು ಗಂಟೆ.

ಇಸಿಜಿ ಪೇಪರ್ ಮೆಷಿನ್ನಿಂದ ಹೊರಗ್ ಬರ್ತಿರೋವಾಗ್ಲೇ ನಂಗೆ ಗೊತ್ತಾಯ್ತು. ದೊಡ್ಡ ಅಟ್ಯಾಕ್. ರಕ್ತದ ಗಡ್ಡೆ ಕರಗ್ಸೋ ಇಂಜೆಕ್ಷನ್ನಿಗೆ 12 ಗಂಟೆ ಗಡಿ, ಅದೂ ದಾಟೋಗಿತ್ತು. ದೊಡ್ಡಾಸ್ಪತ್ರೆಗೆ ಕಳ್ಸಿದ್ವಿ, ರಕ್ತನಾಳ ತೆರೆದಿಡೋ ಸ್ಟೆಂಟ್ ಅನ್ನೋ ಸಣ್ಣ ಜಾಲರಿ ಹಾಕಿದ್ರು, ಬದುಕಿದ್ರು. ಆದ್ರೆ ಎಕೋ, ಅಂದ್ರೆ ಹೃದಯದ ಸ್ಕ್ಯಾನು, ಮಾಡ್ಸಿದಾಗ ಹೃದಯದ ಪಂಪಿಂಗ್ 30 ಪರ್ಸೆಂಟು. ಚೆನ್ನಾಗಿರೋರಿಗೆ 55ರ ಮೇಲಿರುತ್ತೆ. ಮೊದ್ಲು ಎರಡು ಕಾಯಿ ಮೂಟೆ ಒಟ್ಟಿಗೆ ಹೊರ್ತಿದ್ದ ಆಳು, ಈಗ ತೋಟದ ಬದು ಹತ್ತಕ್ಕೆ ಎರಡು ಸಲ ನಿಂತ್ಕೋತಾರೆ.

ಯಾಕೆ ಹಿಂಗಾಗುತ್ತೆ? ನಿಮ್ ತೋಟದ್ದೇ ಲೆಕ್ಕ ತಗೊಳ್ಳಿ. ಹೃದಯ ಅಂದ್ರೆ ಒಂದು ಮಾಂಸದ ಪಂಪು, ಅದಕ್ಕೂ ರಕ್ತ ಬೇಕು, ಅದನ್ನ ಕೊಡೋಕೆ ಮೂರು ಮುಖ್ಯ ಪೈಪು, ಡ್ರಿಪ್ ಪೈಪಿನ ಥರ. ವರ್ಷಾನುಗಟ್ಲೆ ಒಳಗೆ ಕೊಬ್ಬಿನ ಪಾಚಿ ಕಟ್ಟಿರುತ್ತೆ, ಬೀಡಿ, ಶುಗರ್, ಬಿಪಿ ಇದ್ರೆ ಜಾಸ್ತಿ ಕಟ್ಟುತ್ತೆ, ಒಂದಿನ ಆ ಪಾಚಿ ಒಡೆದು ಅದ್ರ ಮೇಲೆ ರಕ್ತ ಹೆಪ್ಪುಗಟ್ಟಿ ಪೈಪು ಪೂರ್ತಿ ಬಂದ್. ಆ ಸಾಲಿನ ಗಿಡಕ್ಕೆಲ್ಲಾ ನೀರಿಲ್ಲ. ಅರ್ಧ ಗಂಟೆಯಿಂದ್ಲೇ ಮಾಂಸ ಸಾಯಕ್ಕೆ ಶುರು, ಆರು ಗಂಟೆ ಹೊತ್ಗೆ ಬಹುಪಾಲು ಹೋಗಿರುತ್ತೆ. ಒಂದು ಗಂಟೆ ಒಳಗೆ ಪೈಪು ಬಿಡಿಸಿದ್ರೆ ಗಿಡ ಚಿಗುರುತ್ತೆ, ಒಣಗಿದ ಮೇಲೆ ಎಷ್ಟು ನೀರು ಬಿಟ್ರೂ ಅಷ್ಟೇ. ನಿಮ್ಮ ಸೋಡಾ, ಓಂಕಾಳು, ಇಂಗಿನ ಮಜ್ಜಿಗೆ ಎಲ್ಲಾ ಹೊಟ್ಟೆಗೆ ಹೋಗೋದು, ಪೈಪಿಗಲ್ಲ.

ಹಂಗಾದ್ರೆ ಗುರ್ತು ಏನು? ಸಿನಿಮಾದಲ್ಲಿ ತೋರ್ಸೋ ಹಂಗೆ ಎದೆ ಹಿಡ್ಕೊಂಡು ದೊಪ್ಪಂತ ಬೀಳಲ್ಲ ಎಲ್ಲರೂ. ಎದೆ ಭಾರ, ಬಿಗಿ, ಹಿಂಡಿದಂಗೆ ಅಂತಾರೆ. ಎಲ್ಲಿ ನೋವು ಅಂದ್ರೆ ಒಂದು ಬೆರಳಲ್ಲಿ ತೋರ್ಸಲ್ಲ, ಮುಷ್ಟಿ ಮಾಡಿ ಎದೆ ಮಧ್ಯ ಇಡ್ತಾರೆ, ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ. ಎಡಗೈ, ಭುಜ, ಬೆನ್ನು, ದವಡೆಗೆ ಎಳ್ಯುತ್ತೆ. ಕೆಲವ್ರಿಗೆ ಹೊಟ್ಟೆ ಮೇಲ್ಭಾಗದಲ್ಲೇ ನೋವು, ವಾಂತಿ, ಇವ್ರೇ ಎಲ್ಲಾರ್ಗಿಂತ ಜಾಸ್ತಿ ಗ್ಯಾಸ್ಟ್ರಿಕ್ ಲೆಕ್ಕಕ್ಕೆ ಸೇರೋದು. ಮತ್ತೆ ಬೆವರು. ಕಾರಣ ಇಲ್ದೆ ತಣ್ಣನೆ ಬೆವರು ಬಂದು ಬಟ್ಟೆ ನೆನೆದಿದೆ ಅಂದ್ರೆ ಇನ್ನು ಮಾತು ಬೇಡ, ಹೊರಡಿ. ಶುಗರ್ ಇರೋರಿಗೆ, ವಯಸ್ಸಾದೋರಿಗೆ, ಹೆಂಗಸರಿಗೆ ಎಷ್ಟೋ ಸಲ ಎದೆನೋವೇ ಇರಲ್ಲ, ಬರೀ ಉಸಿರು ಕಟ್ಟೋದು, ವಿಪರೀತ ಸುಸ್ತು, ಬೆವರು. ಇಂಥದ್ದು ಕಂಡ್ರೆ ಹೋಗುತ್ತೇನೋ ಅಂತ ಕಾಯ್ತಾ ಕೂರ್ಬೇಡಿ, ತಕ್ಷಣ 108 ಆಂಬುಲೆನ್ಸಿಗೆ ಫೋನ್ ಮಾಡಿ. ಬೈಕಲ್ಲಿ ಮಧ್ಯ ಕೂರಿಸ್ಕೊಂಡು ಹೋಗ್ಬೇಡಿ, ನಡೆಸ್ಬೇಡಿ, ಮೆಟ್ಟಿಲು ಹತ್ತಿಸ್ಬೇಡಿ, ಅವ್ರೇ ಗಾಡಿ ಓಡಿಸ್ಕೊಂಡು ಹೋಗೋದಂತೂ ಬೇಡ್ವೇ ಬೇಡ. ಆಸ್ಪಿರಿನ್ ಮಾತ್ರೆ ಕೊಡ್ಬೋದಾ ಅಂತ ಫೋನಲ್ಲೇ ಕೇಳಿ, ಕೊಡಿ ಅಂದ್ರೆ ನುಂಗಿಸ್ದೆ ಅಗಿಯೋಕೆ ಹೇಳಿ.

ಈಗ ದುಡ್ಡಿನ ಮಾತು, ಅದೇ ತಾನೇ ನಿಮ್ ಮನಸ್ಸಲ್ಲಿರೋದು. 2021ರ ಅಕ್ಟೋಬರ್ 29, ಪುನೀತ್ ರಾಜ್‌ಕುಮಾರ್ ಅವ್ರು ಹೋದ ದಿನ, ನಾವ್ಯಾರೂ ಮರ್ಯಲ್ಲ, ಬರೀ 46 ವರ್ಷ. ಅವ್ರ ಹೆಸರಲ್ಲೇ ನಮ್ ರಾಜ್ಯದಲ್ಲಿ ಹೃದಯ ಜ್ಯೋತಿ ಅಂತ ಯೋಜನೆ ಬಂದಿದೆ. ತಾಲ್ಲೂಕ್ ಆಸ್ಪತ್ರೇಲಿ ಇಸಿಜಿ ತೆಗೆದ್ರೆ ಅದು ಆನ್‌ಲೈನಲ್ಲಿ ಜಯದೇವದಂಥ ದೊಡ್ಡಾಸ್ಪತ್ರೆ ತಜ್ಞರಿಗೆ ಹೋಗುತ್ತೆ, ಅಟ್ಯಾಕ್ ಅಂತ ಗೊತ್ತಾದ್ರೆ ಗಡ್ಡೆ ಕರಗ್ಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ಅಲ್ಲೇ ಕೊಡ್ತಾರೆ. ಹೊರಗಡೆ ಸಾವಿರಾರು ರೂಪಾಯಿ ಅದು, ಇಲ್ಲಿ ಉಚಿತ. ಎಲ್ಲಾ ಇದೆ, ನೀವ್ ಬರ್ಬೇಕಲ್ಲ!

2025ರ ಜೂನ್ ಜುಲೈನಲ್ಲಿ ಹಾಸನ ಜಿಲ್ಲೇಲಿ ಹೃದಯಾಘಾತದ ಸಾವುಗಳು ದಿನಾ ಟೀವೀಲಿ ಬಂದಾಗ ಏನಾಯ್ತು ನೋಡಿದ್ರಲ್ಲ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದುದ್ದ ಕ್ಯೂ. ನಿಂತಿದ್ದೋರಲ್ಲಿ ಎಷ್ಟೋ ಜನಕ್ಕೆ ಏನೂ ತೊಂದ್ರೆ ಇರ್ಲಿಲ್ಲ, ಹೆದರ್ಕೊಂಡು ಬಂದಿದ್ದೋರು. ಅವ್ರನ್ನ ತಪ್ಪು ಅನ್ನಲ್ಲ. ಆದ್ರೆ ಕೇಳಿ, ಆರಾಮಾಗಿರೋವಾಗ ತೆಗೆದ ಇಸಿಜಿ ನಾರ್ಮಲ್ ಬಂತು ಅಂತ ಆ ಪೇಪರ್ ಬೀರೂಲಿಟ್ಕೊಂಡು ಮುಂದಿನ ತಿಂಗಳು ಎದೆ ಬಿಗಿ ಬಂದಾಗ "ನಂದು ನಾರ್ಮಲ್ ಇದೆ, ಇದು ಗ್ಯಾಸೇ" ಅಂದ್ರೆ ಅದಕ್ಕಿಂತ ಅಪಾಯ ಇಲ್ಲ. ಇಸಿಜಿ ಬೇಕಾಗಿರೋದು ಎದೆ ಹಿಡ್ಕೊಂಡಾಗ. ಆಗ್ಲೂ ಮೊದಲ್ನೇದು ನಾರ್ಮಲ್ ಬಂದು ತೊಂದ್ರೆ ಹಂಗೇ ಇದ್ರೆ ಎದ್ದು ಮನೆಗೆ ಹೋಗ್ಬೇಡಿ, ಅಲ್ಲೇ ಕೂತಿರಿ, ಇನ್ನೊಂದು ತೆಗೀತಾರೆ, ಹೃದಯಕ್ಕೆ ಪೆಟ್ಟಾಗಿದ್ಯಾ ಅಂತ ತಿಳ್ಸೋ ಟ್ರೋಪೋನಿನ್ ಅನ್ನೋ ರಕ್ತ ಪರೀಕ್ಷೆ ಮಾಡ್ತಾರೆ.

ಗಾಜಿನಾಚೆಯಿಂದ ಎರಡು ಬೆರಳು ತೋರಿಸ್ತಿದಾರೆ, ಎರಡೇ ನಿಮಿಷ ಅಂತೆ. ಚೀಟೀಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ಬೇಗ ಬೇಗ ಹೇಳ್ತೀನಿ.

ಲಕ್ವ. ಬಾಯಿ ಒಂದು ಕಡೆ ಸೊಟ್ಟ, ಒಂದು ಕೈ ಬೀಳುತ್ತೆ, ಮಾತು ತೊದಲುತ್ತೆ. ನಗಿ ಅನ್ನಿ, ಎರಡೂ ಕೈ ಎತ್ತು ಅನ್ನಿ, ಅವ್ರ ಹೆಸ್ರು ಕೇಳಿ. ಒಂದರಲ್ಲಿ ಎಡವಟ್ಟಾದ್ರೂ ಸಾಕು, ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೆ ಹೋಗಿ, ನಾಲ್ಕೂವರೆ ಗಂಟೆ ಒಳಗೆ ಇದಕ್ಕೂ ಇಂಜೆಕ್ಷನ್ ಇದೆ. ಬಾಯಿಗೆ ನೀರು ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ನಾಟಿ ಔಷಧಿ, ಎಣ್ಣೆ ತಿಕ್ಕೋದು ಅಂತ ಆ ಟೈಮ್ ಕಳ್ಕೋಬೇಡಿ. ಕೊನೇ ಸಲ ಎಷ್ಟು ಗಂಟೆಗೆ ಚೆನ್ನಾಗಿದ್ರು ಅಂತ ಬರ್ಕೊಂಡ್ ಬನ್ನಿ, ಡಾಕ್ಟ್ರು ಮೊದ್ಲು ಕೇಳೋದೇ ಅದು.

ಡೆಂಗಿ. ಜ್ವರ ಬಿಡ್ತು ಅಂತ ಖುಷಿ ಪಡೋ ನಾಲ್ಕನೇ ಐದನೇ ದಿನವೇ ಅಪಾಯ ಶುರು. ಹೊಟ್ಟೆನೋವು, ಪದೇಪದೇ ವಾಂತಿ, ವಸಡಲ್ಲಿ ರಕ್ತ, ಕೈಕಾಲು ತಣ್ಣಗಾಗೋದು, ಮಗು ಮಂಕಾಗೋದು, ಇದರಲ್ಲಿ ಯಾವುದಿದ್ರೂ ಆಸ್ಪತ್ರೆ. ಶುಗರ್ ಬಗ್ಗೆ ಇನ್ನೊಂದ್ಸಲ ಕರೆದ್ರೆ ಬರ್ತೀನಿ.

ಆ ಮನೆ ಕಥೆ ಇನ್ನೂ ಮುಗಿದಿಲ್ಲ, ಅದನ್ನ ಹೇಳ್ದೆ ಏಳಲ್ಲ. ಅವ್ರ ತಮ್ಮನ ಹೆಂಡ್ತಿ, ಶುಗರ್ ಇರೋರು, ಗೌರಿ ಹಬ್ಬದ ಹಿಂದಿನ ದಿನ ಒಬ್ಬಟ್ಟಿಗೆ ಕಾಯಿ ತುರೀತಾ ಕೂತಿದ್ರಂತೆ. ಉಸಿರು ಕಟ್ತು, ಮೈಯೆಲ್ಲಾ ಬೆವರು, ಎದೆನೋವಿಲ್ಲ. "ಸುಸ್ತು ಅಷ್ಟೇ, ಬಿಪಿ ಲೋ ಆಗಿರ್ಬೇಕು, ಒಂದ್ ಲೋಟ ಉಪ್ಪು ಹಾಕಿದ ಮಜ್ಜಿಗೆ ಕೊಡಿ" ಅಂದಿದಾರೆ. ಯಜಮಾನ್ರು ಜಗಲಿ ಮೇಲೆ ಕೂತಿದ್ದೋರು ಎದ್ದು ಬಂದು ಹಣೆ ಮುಟ್ಟಿ ನೋಡಿ, ಬೆವರಿದ್ದ ಕೈನ ತಮ್ಮನಿಗೆ ತೋರ್ಸಿ, "ಲೋ, ಇದು ಅವತ್ತಿನ ನನ್ ಬೆವರು ಕಣೋ, 108ಕ್ಕೆ ಮಾಡು" ಅಂದ್ರಂತೆ. ಶುರುವಾಗಿ ಐವತ್ತು ನಿಮಿಷಕ್ಕೆ ಆಯಮ್ಮ ನಮ್ಮ ಬೆಡ್ ಮೇಲಿದ್ರು. ಇಸಿಜಿ ನೋಡಿ ಇಂಜೆಕ್ಷನ್ ಕೊಟ್ವಿ, ಆಮೇಲೆ ಹೃದಯದ ಪೈಪು ಎಲ್ಲಿ ಕಟ್ಟಿದೆ ಅಂತ ನೋಡೋ ಆಂಜಿಯೋಗ್ರಾಂಗೆ ಕಳ್ಸಿದ್ವಿ. ಈಗ ಅವ್ರ ಪಂಪಿಂಗ್ 55. ಹಾಲು ಕರೀತಾರೆ, ಡೈರಿಗೆ ತಾವೇ ನಡ್ಕೊಂಡು ಹೋಗಿ ಹಾಕಿ ಬರ್ತಾರೆ.

ಯಜಮಾನ್ರು ಇವತ್ತು ರೇಡಿಯೋ ಹಾಕ್ಕೊಂಡೇ ಇರ್ತೀನಿ ಅಂದಿದ್ರು. ಯಜಮಾನ್ರೆ, ಸೋಮವಾರ ನಿಮ್ ಎಕೋ ಇದೆ, ಬನ್ನಿ, ಜೊತೆಗೆ ನಿಮ್ಮ ಮನೆಯವ್ರನ್ನೂ ಕರ್ಕೊಂಡ್ ಬನ್ನಿ, ಅವ್ರ ಬಿಪಿ ನೋಡ್ಬೇಕು. ನಮಸ್ಕಾರ.