ತೂಕ ಗೊತ್ತಾಗಬೇಕಾದದ್ದು ಲೋಡ್ ತುಂಬುವ ಜಾಗದಲ್ಲೇ

ಕೇಳುಗರಿಗೆ ನಮಸ್ಕಾರ.

ಮುಂದಿನ ಸಲ ಯಾವುದಾದರೂ ಹೆದ್ದಾರಿಯಲ್ಲಿ ಹೋಗುವಾಗ ಎಡಗಡೆಯ ಲೇನನ್ನು ಸ್ವಲ್ಪ ಗಮನಿಸಿ. ಲಾರಿಗಳು ಓಡುವ ಆ ಭಾಗದಲ್ಲಿ ಚಕ್ರ ಹಾಯುವ ಎರಡು ಸಾಲು ತಗ್ಗಾಗಿರುತ್ತವೆ. ಮಳೆ ಬಂದರೆ ನೀರು ಅಲ್ಲೇ ನಿಲ್ಲುತ್ತದೆ. ಬಲಗಡೆ, ಕಾರುಗಳು ಓಡುವ ಭಾಗ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಎರಡನ್ನೂ ಮಾಡಿದ್ದು ಒಬ್ಬನೇ ಗುತ್ತಿಗೆದಾರ, ಹಾಕಿದ್ದು ಒಂದೇ ಡಾಂಬರು. ವ್ಯತ್ಯಾಸವಿರುವುದು ಅವುಗಳ ಮೇಲೆ ಹೋದ ಭಾರದಲ್ಲಿ. ಇವತ್ತಿನ ಮಾತು ಆ ಭಾರವನ್ನು ಲಾರಿಯೊಳಗೇ ತೂಗಿ ತೋರಿಸುವ ಉಪಕರಣದ ಬಗ್ಗೆ.

ಭಾರಕ್ಕೂ ರಸ್ತೆ ಕೆಡುವುದಕ್ಕೂ ಇರುವ ನಂಟನ್ನು ಅಳೆದು ನೋಡಿದ ದೊಡ್ಡ ಪ್ರಯೋಗವೊಂದು 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಹತ್ತಿರ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಸುತ್ತುದಾರಿಗಳಾಗಿ ಕಟ್ಟಿ, ಬೇರೆ ಬೇರೆ ಭಾರದ ಲಾರಿಗಳನ್ನು ಸೈನಿಕರ ಕೈಯಲ್ಲಿ ಹಗಲೂ ರಾತ್ರಿ ಓಡಿಸಿದರು. ಅಲ್ಲಿಂದ ಹೊರಬಂದ ಲೆಕ್ಕವನ್ನು ರಸ್ತೆ ಎಂಜಿನಿಯರುಗಳು ಇವತ್ತಿಗೂ ಬಳಸುತ್ತಾರೆ. ಒಂದು ಆಕ್ಸಲ್, ಅಂದರೆ ಎರಡೂ ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲಿನ ಭಾರ ಹೆಚ್ಚಾದಂತೆ ರಸ್ತೆಗೆ ಆಗುವ ಹಾನಿ ಆ ಭಾರದ ನಾಲ್ಕನೇ ಘಾತದಲ್ಲಿ ಏರುತ್ತದೆ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ನೂರಕ್ಕೆ ಇಪ್ಪತ್ತರಷ್ಟು ಮಾತ್ರ ಹೆಚ್ಚು ಹೇರಿದರೂ ಹಾನಿ ಎರಡು ಪಟ್ಟನ್ನು ದಾಟುತ್ತದೆ. "ಸ್ವಲ್ಪ ಜಾಸ್ತಿ ಅಷ್ಟೇ, ಏನಾಗುತ್ತೆ" ಎಂಬ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ಕಾನೂನು ಇಲ್ಲವೇ? ಇದೆ, ಬಿಗಿಯಾಗಿಯೇ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ಮಿತಿಯನ್ನೇ ಏರಿಸಿತು. ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿ 16.2 ಟನ್ನಿನಿಂದ 18.5 ಟನ್ನಿಗೆ ಹೋಯಿತು. ಮರುವರ್ಷ, 2019ರ ಸೆಪ್ಟೆಂಬರ್ 1ರಿಂದ, ದಂಡವೂ ಏರಿತು. ಮೊದಲು ಎರಡು ಸಾವಿರ ರೂಪಾಯಿ, ಮೇಲೆ ಟನ್ನಿಗೆ ಒಂದು ಸಾವಿರ ಇದ್ದದ್ದು ಈಗ ಇಪ್ಪತ್ತು ಸಾವಿರ, ಮೇಲೆ ಟನ್ನಿಗೆ ಎರಡು ಸಾವಿರ. ಆರು ಟನ್ ಹೆಚ್ಚಿಗೆ ಹೇರಿ ಸಿಕ್ಕಿಬಿದ್ದರೆ ಮೂವತ್ತೆರಡು ಸಾವಿರ ರೂಪಾಯಿ. ಅದರ ಜೊತೆಗೆ ಹೆಚ್ಚುವರಿ ಮಾಲನ್ನು ಇಳಿಸುವ ಖರ್ಚು ಬೇರೆ. ಇಳಿಸದೆ ಗಾಡಿ ಕದಲುವಂತಿಲ್ಲ. ಹಿಂದೆ ಕೆಲವು ರಾಜ್ಯಗಳಲ್ಲಿ ದಂಡ ಕಟ್ಟಿ ಅದೇ ಲೋಡಿನಲ್ಲಿ ಮುಂದೆ ಹೋಗುವ ರೂಢಿ ಇತ್ತು. ದಂಡದ ರಸೀದಿ ಎಂದರೆ ಓವರ್‌ಲೋಡಿಗೆ ಸಿಕ್ಕ ಪರವಾನಗಿಯಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ.

ಇಷ್ಟೆಲ್ಲ ಇದ್ದೂ ಓವರ್‌ಲೋಡ್ ನಿಂತಿಲ್ಲ. ನನಗೆ ಕಾಣುವ ದೊಡ್ಡ ಕಾರಣ ಒಂದು. ತೂಕ ಗೊತ್ತಾಗುವ ಜಾಗ ತಪ್ಪಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 114ನೇ ಕಲಮನ್ನೇ ನೋಡಿ. ಅನುಮಾನ ಬಂದರೆ ಅಧಿಕಾರಿ ಗಾಡಿಯನ್ನು ತೂಕಕ್ಕೆ ಒಯ್ಯಲು ಹೇಳಬಹುದು. ಮುಂದಿನ ದಾರಿಯಿಂದ ಹತ್ತು ಕಿಲೋಮೀಟರ್ ಒಳಗೆ, ಇಲ್ಲವೇ ತಲುಪುವ ಊರಿನಿಂದ ಇಪ್ಪತ್ತು ಕಿಲೋಮೀಟರ್ ಒಳಗೆ ವೇಬ್ರಿಡ್ಜ್, ಅಂದರೆ ಗಾಡಿಯನ್ನೇ ನಿಲ್ಲಿಸಿ ತೂಗುವ ತಕ್ಕಡಿ ಇದ್ದರೆ ಅಲ್ಲಿಗೆ ಒಯ್ಯಿಸಬಹುದು ಎನ್ನುತ್ತದೆ ಆ ಕಲಮು. ಅಂದರೆ ಲಾರಿಯೇ ತಕ್ಕಡಿಯನ್ನು ಹುಡುಕಿಕೊಂಡು ಹೋಗಬೇಕು. ಅಷ್ಟು ಹೊತ್ತಿಗೆ ಗಾಡಿ ತುಂಬಿ, ಟಾರ್ಪಾಲು ಕಟ್ಟಿ, ಎಷ್ಟೋ ದೂರ ಬಂದಾಗಿದೆ. ರಸ್ತೆಗೆ ಆಗುವ ಹಾನಿ ಆಗಿದೆ. ನಡುದಾರಿಯಲ್ಲಿ ಐದಾರು ಟನ್ ಜಲ್ಲಿಯನ್ನು ಇಳಿಸಿ ಎಲ್ಲಿ ಹಾಕುವುದು? ಇಳಿಸಲು ಜನ ಎಲ್ಲಿಂದ ಬರಬೇಕು? ಅಲ್ಲೇ ಚೌಕಾಸಿ ಶುರುವಾಗುತ್ತದೆ.

ಕಲ್ಲು ಒಡೆದು ಜಲ್ಲಿ ಮಾಡುವ ಕ್ರಷರಿನಲ್ಲಿ ಟಿಪ್ಪರ್ ತುಂಬುವುದನ್ನು ನೀವು ನೋಡಿರಬಹುದು. ಲೋಡರ್ ಬಕೆಟ್ ಎತ್ತಿ ಎತ್ತಿ ಸುರಿಯುತ್ತದೆ. ಡ್ರೈವರ್ ಕೆಳಗಿಳಿದು ಹಿಂದಿನ ಟೈರುಗಳ ಪಕ್ಕ ಎಷ್ಟು ಉಬ್ಬಿದೆ, ಸ್ಪ್ರಿಂಗಿನ ಬ್ಲೇಡುಗಳು ಎಷ್ಟು ಮಟ್ಟವಾದವು ಎಂದು ಬಗ್ಗಿ ನೋಡುತ್ತಾನೆ. "ಸಾಕು ಅಣ್ಣಾ, ಪಾಸಿಂಗ್ ಆಯ್ತು" ಅನ್ನುತ್ತಾನೆ. ಪಾಸಿಂಗ್ ಅಂದರೆ ಗಾಡಿಗೆ ಕಾನೂನು ಒಪ್ಪಿದ ಭಾರ. "ಇನ್ನೊಂದು ಬಕೆಟ್ ಹಿಡಿಯುತ್ತೆ ಬಿಡೋ" ಎಂಬ ಉತ್ತರ ಬರುತ್ತದೆ. ಇಬ್ಬರ ಹತ್ತಿರ ಇರುವುದೂ ಅಂದಾಜು ಮಾತ್ರ. ವಾದದಲ್ಲಿ ಗೆಲ್ಲುವುದು ಬಕೆಟ್ ಹಿಡಿದವನ ಅಂದಾಜು.

ಕಣ್ಣಳತೆ ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ಮರಳೇ ಸಾಕ್ಷಿ. ಮರಳನ್ನು ಅಳೆಯುವುದು ಯೂನಿಟ್ ಲೆಕ್ಕದಲ್ಲಿ. ಉತ್ತರ ಕರ್ನಾಟಕದ ಕಡೆ ಬ್ರಾಸ್ ಅನ್ನುತ್ತಾರೆ. ಒಂದು ಯೂನಿಟ್ ಅಂದರೆ ನೂರು ಘನ ಅಡಿ. ಒಣ ಮರಳಾದರೆ ಅದು ಸುಮಾರು ನಾಲ್ಕೂವರೆ ಟನ್. ಮರಳು ತುಸು ತೇವವಾದರೆ ಕಣಗಳ ಸುತ್ತ ನೀರಿನ ಪೊರೆ ಕಟ್ಟಿ ಅದು ಉಬ್ಬುತ್ತದೆ. ಬಾಡಿ ತುಂಬಿದಂತೆ ಕಂಡರೂ ಒಳಗೆ ಮರಳು ಕಡಿಮೆ. ಅದೇ ಮರಳು ಪೂರ್ತಿ ನೆನೆದರೆ ಕುಸಿದು ಕೂರುತ್ತದೆ, ನೀರಿನ ಭಾರವೂ ಸೇರುತ್ತದೆ. ಆಗ ಬಾಡಿಯ ಅದೇ ಗೆರೆಗೆ ತುಂಬಿದ ಗಾಡಿ ಹಲವು ಟನ್ ಹೆಚ್ಚು ಹೊತ್ತಿರುತ್ತದೆ. ಒಂದೇ ಟಿಪ್ಪರ್, ಒಂದೇ ಗೆರೆ, ಬೇಸಿಗೆಗೊಂದು ತೂಕ, ಮಳೆಗಾಲಕ್ಕೊಂದು ತೂಕ. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದ ಡ್ರೈವರಿಗೂ ಇದು ಕಣ್ಣಿಗೆ ಕಾಣುವಂಥದ್ದಲ್ಲ.

ಇದಕ್ಕೆ ಪರಿಹಾರ ಎಂದರೆ ತಕ್ಕಡಿಯನ್ನು ಲಾರಿಯ ಮೈಯಲ್ಲೇ ಕೂರಿಸುವುದು. ಕ್ಯಾಬಿನ್ನಿನೊಳಗೆ ಒಂದು ಸಣ್ಣ ಪರದೆ. ಬಕೆಟ್ ಬಿದ್ದಂತೆಲ್ಲ ಅದರ ಮೇಲೆ ಅಂಕಿ ಏರುತ್ತದೆ. ಮಿತಿ ಹತ್ತಿರ ಬಂದಾಗ ಬಜರ್ ಕೂಗುತ್ತದೆ. ಲೋಡರ್ ಓಡಿಸುವವನಿಗೂ ಕಾಣುವಂತೆ ಹೊರಗಡೆ ದೀಪವನ್ನೂ ಹಾಕಬಹುದು.

ಇದು ಕೆಲಸ ಮಾಡುವ ಬಗೆ ಕಷ್ಟದ್ದೇನಲ್ಲ. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲದ, ಅಂದರೆ ಬೆಲ್ಲೋಸ್ ಮೇಲೆ ಕೂತ ಗಾಡಿಯಾದರೆ ಇನ್ನೂ ಸುಲಭ. ಭಾರ ಹೆಚ್ಚಾದಂತೆ ಬೆಲ್ಲೋಸಿನ ಒಳಗಿನ ಒತ್ತಡ ಏರುತ್ತದೆ, ಅದನ್ನು ಅಳೆದರೆ ತೂಕ ಸಿಕ್ಕಿತು. ಆದರೆ ನಮ್ಮ ಬಹುಪಾಲು ಲಾರಿಗಳು ನಿಂತಿರುವುದು ಉಕ್ಕಿನ ಬ್ಲೇಡ್ ಸ್ಪ್ರಿಂಗಿನ ಮೇಲೆ. ಅಲ್ಲಿ ಆಕ್ಸಲ್ಲಿಗೆ ಸ್ಟ್ರೇನ್ ಗೇಜ್ ಎಂಬ ತೆಳ್ಳನೆಯ ಲೋಹದ ಪಟ್ಟಿಯನ್ನು ಬಿಗಿಯುತ್ತಾರೆ. ಹತ್ತು ಟನ್ ಹೊತ್ತ ಆಕ್ಸಲ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಕ್ಸಲ್ ಬಾಗಿದಾಗ ಪಟ್ಟಿಯೂ ಹಿಗ್ಗುತ್ತದೆ, ಹಿಗ್ಗಿದಾಗ ಅದರೊಳಗೆ ಹರಿಯುವ ವಿದ್ಯುತ್ತಿಗೆ ಇರುವ ತಡೆ ಬದಲಾಗುತ್ತದೆ. ಆ ಬದಲಾವಣೆಯನ್ನು ಟನ್ನಿಗೆ ತಿರುಗಿಸುವುದು ಉಪಕರಣದ ಕೆಲಸ. ಚಾಸಿ ಮತ್ತು ಬಾಡಿಯ ನಡುವೆ ಲೋಡ್ ಸೆಲ್ ಎಂಬ ಭಾರ ಅಳೆಯುವ ಸಾಧನ ಕೂರಿಸುವುದು ಇನ್ನೊಂದು ದಾರಿ, ಅದು ಹೆಚ್ಚು ಕರಾರುವಾಕ್ಕು. ಟಿಪ್ಪರಿನಲ್ಲಿ ಬಾಡಿಯನ್ನು ತುಸು ಎತ್ತಿ, ಹೈಡ್ರಾಲಿಕ್ ಎಣ್ಣೆಯ ಒತ್ತಡದಿಂದ ತೂಕ ತಿಳಿಯುವುದೂ ಉಂಟು. ಯಾವುದನ್ನೇ ಹಾಕಿದರೂ ಮೊದಲು ಗಾಡಿಯನ್ನು ಖಾಲಿ ಒಮ್ಮೆ, ತುಂಬಿಸಿ ಒಮ್ಮೆ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ಎರಡೂ ಅಂಕಿಗಳನ್ನು ತಾಳೆ ಮಾಡಬೇಕು. ಆಮೇಲೂ ಆಗಾಗ ತಾಳೆ ನೋಡುತ್ತಿರಬೇಕು.

ಇದರ ಮಿತಿಗಳೂ ತಿಳಿದಿರಲಿ. ಇಳಿಜಾರಿನಲ್ಲಿ ನಿಂತ ಗಾಡಿ ತಪ್ಪು ತೂಕ ತೋರಿಸುತ್ತದೆ. ಬ್ರೇಕ್ ಹಿಡಿದಿದ್ದರೂ ಹಾಗೆಯೇ. ಬ್ಲೇಡ್ ಸ್ಪ್ರಿಂಗಿನಲ್ಲಿ ಬ್ಲೇಡುಗಳು ಒಂದಕ್ಕೊಂದು ಉಜ್ಜಿ ಅಂಟಿಕೊಳ್ಳುವುದರಿಂದ, ತುಂಬಿಸಿದ ತಕ್ಷಣ ಒಂದು ಅಂಕಿ ಬಂದರೆ, ಗಾಡಿಯನ್ನು ತುಸು ಹಿಂದೆ ಮುಂದೆ ಓಡಿಸಿದ ಮೇಲೆ ಇನ್ನೊಂದು ಬರಬಹುದು. ಮಾಲು ಕೊಳ್ಳಲು, ಮಾರಲು ಈ ಅಂಕಿ ನಡೆಯುವುದಿಲ್ಲ. ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ವೇಬ್ರಿಡ್ಜೇ ಆಗಬೇಕು. ಆದರೆ ನಾವು ಹುಡುಕುತ್ತಿರುವುದು ಐದಾರು ಟನ್ನಿನ ಓವರ್‌ಲೋಡು. ಅದನ್ನು ಹಿಡಿಯಲು ಕಿಲೋ ಗ್ರಾಮಿನ ನಿಖರತೆ ಬೇಕಿಲ್ಲ.

ಇದು ಕೊಡುವ ಇನ್ನೊಂದು ಮಾಹಿತಿಯ ಬಗ್ಗೆ ನಮ್ಮಲ್ಲಿ ಮಾತೇ ಆಗುವುದಿಲ್ಲ. ಒಟ್ಟು ತೂಕ ಮಿತಿಯೊಳಗೇ ಇದ್ದರೂ ಒಂದು ಆಕ್ಸಲ್ ಮಾತ್ರ ಮಿತಿ ಮೀರಿರಬಹುದು. ಮಾಲನ್ನೆಲ್ಲ ಹಿಂದಕ್ಕೆ ಒಟ್ಟಿದರೆ ಹಿಂದಿನ ಚಕ್ರ ಒದ್ದಾಡುತ್ತದೆ, ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ದಾರಿಯಲ್ಲಿ ಎರಡು ಮೂರು ಕಡೆ ಇಳಿಸುತ್ತಾ ಹೋಗುವ ಗಾಡಿಯಲ್ಲಿ ಇದು ಪ್ರತಿ ಇಳಿಸುವಿಕೆಗೂ ಬದಲಾಗುತ್ತದೆ. ಆಕ್ಸಲ್ಲಿಗೊಂದು ಅಂಕಿ ತೋರಿಸುವ ಪರದೆ ಇದ್ದರೆ ಹಮಾಲರಿಗೆ ಎಲ್ಲಿ ಒಟ್ಟಬೇಕು ಎಂದು ಡ್ರೈವರ್ ನಿಂತಲ್ಲೇ ಹೇಳಬಲ್ಲ.

ಯುರೋಪಿನ ಒಕ್ಕೂಟ 2015ರ ತನ್ನ ನಿರ್ದೇಶನದಲ್ಲಿ ಸದಸ್ಯ ದೇಶಗಳ ಮುಂದೆ ಎರಡು ದಾರಿ ಇಟ್ಟಿತು. ರಸ್ತೆಯಲ್ಲೇ ತೂಗುವ ಯಂತ್ರ ಹಾಕಿ, ಇಲ್ಲವೇ ಗಾಡಿಯೊಳಗೆ ತೂಕದ ಉಪಕರಣ ಇಡಿಸಿ. ಅಂಥ ಗಾಡಿ ರಸ್ತೆಬದಿಯ ತನಿಖಾಧಿಕಾರಿಗೆ ತನ್ನ ತೂಕವನ್ನು ಓಡುತ್ತಲೇ ರೇಡಿಯೊ ಅಲೆಯಲ್ಲಿ ತಿಳಿಸುತ್ತದೆ. ತೂಕ ಸರಿಯಿದ್ದ ಗಾಡಿಯನ್ನು ಸುಮ್ಮನೆ ನಿಲ್ಲಿಸುವ ಪ್ರಮೇಯವೇ ಬರುವುದಿಲ್ಲ. ಆಸ್ಟ್ರೇಲಿಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿನ ಭಾರಿ ವಾಹನಗಳ ಕಾನೂನಿನಲ್ಲಿ ಮಾಲು ಕಳಿಸಿದವರು, ತುಂಬಿಸಿದವರು, ಸಾಗಣೆ ಗೊತ್ತುಮಾಡಿದವರು ಎಲ್ಲರೂ ಓವರ್‌ಲೋಡಿಗೆ ಉತ್ತರ ಕೊಡಬೇಕು. ಈ ಮಾತು ನನಗೆ ಉಪಕರಣಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಏಕೆಂದರೆ ತಕ್ಕಡಿ ಇದ್ದ ಮಾತ್ರಕ್ಕೆ ಓವರ್‌ಲೋಡ್ ನಿಲ್ಲುವುದಿಲ್ಲ ಎಂಬುದನ್ನು ನಾವು ಬಳ್ಳಾರಿಯಲ್ಲಿ ಕಂಡಿದ್ದೇವೆ. ಸಂಡೂರು, ಹೊಸಪೇಟೆಯಿಂದ ಬೇಲೆಕೇರಿ, ಮಂಗಳೂರು ಬಂದರುಗಳಿಗೆ ಕಬ್ಬಿಣದ ಅದಿರು ಹೋಗುತ್ತಿದ್ದ ಆ ವರ್ಷಗಳಲ್ಲಿ ವೇಬ್ರಿಡ್ಜುಗಳೂ ಇದ್ದವು, ಚೀಟಿಗಳೂ ಇದ್ದವು. ಶಿರಾಡಿ ಘಾಟಿಯ ರಸ್ತೆ ಹೇಗೆ ಕಿತ್ತುಹೋಗಿತ್ತು ಎಂಬುದು ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಸಲ್ಲಿಸಿದ ವರದಿಯಲ್ಲಿ ಮಿತಿಮೀರಿ ಅದಿರು ಹೇರಿ ಸಾಗಿಸಿದ್ದೂ ಒಂದು ಮುಖ್ಯ ವಿಷಯವಾಗಿತ್ತು. ಗಾಡಿಯೊಳಗಿನ ತಕ್ಕಡಿಯನ್ನೂ ಹಾಳುಮಾಡಬಹುದು. ವೈರು ಕೀಳಬಹುದು, ಕಡಿಮೆ ತೋರಿಸುವಂತೆ ತಿರುಚಬಹುದು. ಹಾಗಾಗಿ ಅದಕ್ಕೆ ಸೀಲು ಬೇಕು. ಗಾಡಿ ಎಲ್ಲಿ, ಯಾವಾಗ, ಎಷ್ಟು ತುಂಬಿತು ಎಂಬ ದಾಖಲೆ ಅಳಿಸಲಾಗದಂತೆ ಉಳಿಯಬೇಕು. ವೇಬ್ರಿಡ್ಜಿನ ಅಂಕಿಗೂ ಗಾಡಿಯ ಅಂಕಿಗೂ ಪದೇ ಪದೇ ತಾಳೆಯಾಗದಿದ್ದರೆ ಯಾರಾದರೂ ಪ್ರಶ್ನೆ ಕೇಳಬೇಕು. ಆಗ ಒಂದು ತೂಕ ಇನ್ನೊಂದರ ಮೇಲೆ ಕಣ್ಣಿಡುತ್ತದೆ.

ನನ್ನ ಮನಸ್ಸು ಹೆಚ್ಚು ಹೊಯ್ದಾಡುವುದು ಡ್ರೈವರ್ ವಿಷಯದಲ್ಲಿ. ಮಾರನಹಳ್ಳಿಯಿಂದ ಗುಂಡ್ಯದ ಕಡೆಗೆ ಶಿರಾಡಿ ಘಾಟಿ ಇಳಿಯುವ ಗಾಡಿಯನ್ನು ನೆನೆಸಿಕೊಳ್ಳಿ. ಭಾರ ಎಷ್ಟು ಪಟ್ಟು ಹೆಚ್ಚಿದೆಯೋ ಬ್ರೇಕ್ ಅಷ್ಟೇ ಪಟ್ಟು ಹೆಚ್ಚು ಶಕ್ತಿಯನ್ನು ನುಂಗಿ ಬಿಸಿ ಮಾಡಿಕೊಳ್ಳಬೇಕು. ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಸಡಿಲವಾಗುತ್ತದೆ, ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುತ್ತದೆ. ಆಮೇಲೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಮರುದಿನದ ಪತ್ರಿಕೆ "ಚಾಲಕನ ನಿಯಂತ್ರಣ ತಪ್ಪಿ" ಎಂದು ಬರೆಯುತ್ತದೆ. ಎಷ್ಟು ಹೇರಬೇಕೆಂದು ತೀರ್ಮಾನಿಸಿದವನು ಅವನಲ್ಲ. ಎಷ್ಟು ಹೇರಿದೆ ಎಂದು ಅವನಿಗೆ ಗೊತ್ತೂ ಇರಲಿಲ್ಲ. ಕಾಯ್ದೆಯ 113ನೇ ಕಲಮು, ಡ್ರೈವರ್ ಮಾಲೀಕನಲ್ಲದಿದ್ದರೆ ಮಾಲೀಕನಿಗೆ ತಿಳಿದೇ ಓವರ್‌ಲೋಡ್ ಆಗಿದೆ ಎಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ. ಕಾಗದದ ಮೇಲೆ ಇದು ಒಳ್ಳೆಯ ಮಾತು. ಆದರೆ ರಾತ್ರಿ ಹನ್ನೊಂದಕ್ಕೆ ಕ್ರಷರಿನಲ್ಲಿ ನಿಂತ ಹುಡುಗನಿಗೆ ಆ ಹೊತ್ತಿಗೆ ಕೈಗೆ ಸಿಗುವ ಆಧಾರ ಬೇಕು. "ನೋಡಣ್ಣಾ, ಪರದೆ ಮೇಲೆ ಬಂದಿದೆ, ಇದು ದಾಖಲಾಗುತ್ತೆ" ಎಂದು ಅವನು ತೋರಿಸುವಂತಾಗಬೇಕು. ಆಗ ಅವನ ಮಾತಿಗೆ ಬೆಲೆ ಬರುತ್ತದೆ.

ಮಾಲೀಕರಿಗೂ ಇದರಲ್ಲಿ ನಷ್ಟವಿಲ್ಲ. ಒಂದೆರಡು ಗಾಡಿ ಇಟ್ಟುಕೊಂಡು ಬ್ಯಾಂಕಿನ ಕಂತು ಕಟ್ಟುವವರ ಕಷ್ಟ ನನಗೆ ಗೊತ್ತಿದೆ. ಬಾಡಿಗೆ ಟನ್ನಿನ ಲೆಕ್ಕದಲ್ಲಿ, ವಾಪಸು ಬರುವಾಗ ಗಾಡಿ ಖಾಲಿ. ಪಕ್ಕದವನು ಹೇರುತ್ತಾನೆ, ನಾನು ಬಿಟ್ಟರೆ ಬಾಡಿಗೆ ಅವನಿಗೆ ಹೋಗುತ್ತದೆ ಎಂಬ ಭಯ. ಹಾಗೆಂದೇ ಒಬ್ಬೊಬ್ಬರ ಇಷ್ಟಕ್ಕೆ ಬಿಟ್ಟರೆ ಇದು ಆಗುವ ಕೆಲಸವಲ್ಲ. ಗಣಿ, ಕ್ರಷರ್, ಸಿಮೆಂಟಿನಂಥ ಭಾರದ ಮಾಲು ಹೊರುವ ಹೊಸ ಗಾಡಿಗಳಿಂದ ಶುರುಮಾಡಿ, ಕಾರ್ಖಾನೆಯಿಂದ ಹೊರಬರುವಾಗಲೇ ಉಪಕರಣ ಇರುವಂತೆ ನಿಯಮ ಮಾಡಬೇಕು. ದಂಡಕ್ಕೆ ಹೆದರಿ ಮಿತಿಗಿಂತ ಒಂದೆರಡು ಟನ್ ಕಡಿಮೆಯೇ ತುಂಬುವ ಮಾಲೀಕರೂ ಇದ್ದಾರೆ. ತೂಕ ಕಣ್ಣೆದುರಿಗೆ ಇದ್ದರೆ ಅವರೂ ಮಿತಿಯವರೆಗೆ ಧೈರ್ಯವಾಗಿ ತುಂಬಬಹುದು.

ಮನೆ ಕಟ್ಟಿಸುತ್ತಿರುವ ಕೇಳುಗರಿಗೆ ಒಂದು ಮಾತು. ಜಲ್ಲಿ, ಎಂ-ಸ್ಯಾಂಡ್ ತರಿಸುವಾಗ "ಒಂದು ಲೋಡಿಗೆ ಎಷ್ಟು" ಎಂದು ಕೇಳಬೇಡಿ. ಲೋಡಿನ ಲೆಕ್ಕದಲ್ಲಿ ಕೊಂಡರೆ ರಾಶಿ ಎತ್ತರವಾದಷ್ಟೂ ನಮಗೆ ಲಾಭ ಅನ್ನಿಸುತ್ತದೆ, ಗಾಡಿಯವರೂ ಎತ್ತರಕ್ಕೇ ಹೇರಿಕೊಂಡು ಬರುತ್ತಾರೆ. ಟನ್ನಿಗೆ ಎಷ್ಟು ಎಂದು ಕೇಳಿ. ಬಂದ ಗಾಡಿಯ ವೇಬ್ರಿಡ್ಜ್ ಚೀಟಿ ಇಸಿದುಕೊಳ್ಳಿ. ಅದರಲ್ಲಿ ಖಾಲಿ ತೂಕ, ತುಂಬಿದ ತೂಕ ಎರಡೂ ಇರುತ್ತವೆ. ತುಂಬಿದ ತೂಕವನ್ನು ಗಾಡಿಯ ಆರ್‌ಸಿಯಲ್ಲಿರುವ ಒಟ್ಟು ತೂಕದ ಜೊತೆ ಹೋಲಿಸಿ ನೋಡಿ. ಹೆಚ್ಚಿದ್ದರೆ ಮುಂದಿನ ಸಲ ಪಾಸಿಂಗ್ ಇದ್ದಷ್ಟೇ ತರಬೇಕೆಂದು ಮೊದಲೇ ಹೇಳಿ, ಬೇಕಾದರೆ ಇನ್ನೊಂದು ಟ್ರಿಪ್ಪಿನ ಬಾಡಿಗೆ ಕೊಡಿ.

ನಮಸ್ಕಾರ.